ಅಮ್ಮನ ಮಂಡಿ ನೋವಿಗೆ ಸೂಜಿಯೋ, ವ್ಯಾಯಾಮವೋ, ಇಂಜೆಕ್ಷನ್ನೋ?

ಮನೆಯಲ್ಲಿ ಹಿರಿಯರಿಗೆ ಮಂಡಿ ನೋವು ಶುರುವಾಯಿತೆಂದರೆ ಸಲಹೆಗೆ ಬರವಿಲ್ಲ. ಪಕ್ಕದ ಮನೆಯವರು ಸೂಜಿ ಚುಚ್ಚುವ ಆಕ್ಯುಪಂಕ್ಚರ್ ಮಾಡಿಸಿ ಎನ್ನುತ್ತಾರೆ. ನಾದಿನಿ ಫೋನು ಮಾಡಿ ಎಣ್ಣೆ ಕಟ್ಟಿಸಿ ಎನ್ನುತ್ತಾಳೆ. ಮೂಳೆ ವೈದ್ಯರು ಎಕ್ಸ್‌ರೇ ನೋಡಿ ಇಂಜೆಕ್ಷನ್ ಕೊಡೋಣವೇ ಎಂದು ಕೇಳುತ್ತಾರೆ. ಬೆಂಗಳೂರಿನಲ್ಲಿರುವ ಮಗ ವಿಮೆ ಇದೆ, ಆಪರೇಷನ್ ಮಾಡಿಸಿಬಿಡೋಣ ಎನ್ನುತ್ತಾನೆ. ಇಷ್ಟೆಲ್ಲದರ ನಡುವೆ ಮಂಡಿ ಹಿಡಿದುಕೊಂಡು ಕುಳಿತವರನ್ನು ಮಾತ್ರ ಯಾರೂ ಸರಿಯಾಗಿ ಕೇಳುವುದಿಲ್ಲ.

ನಮ್ಮ ಅತ್ತೆಯವರಿಗೆ ಈಗ 71. ಎರಡು ವರ್ಷಗಳಲ್ಲಿ ಮೇಲೆ ಹೇಳಿದ ಪೈಕಿ ಆಪರೇಷನ್ ಒಂದನ್ನು ಬಿಟ್ಟು ಎಲ್ಲವನ್ನೂ ನೋಡಿದ್ದೇವೆ. ಆಕ್ಯುಪಂಕ್ಚರ್ ಕೂಡ. ಅದು ತಿಳಿದಂದಿನಿಂದ ಪರಿಚಯದವರು ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಸೂಜಿ ಚುಚ್ಚಿಸಿದರೆ ಗುಣವಾಗುತ್ತದೆಯೇ?" ನಾನು ತಿರುಗಿ ಕೇಳುವುದೂ ಒಂದೇ: ಯಾವುದರ ಬದಲಿಗೆ ಚುಚ್ಚಿಸಬೇಕೆಂದಿದ್ದೀರಿ, ಯಾವುದರ ಜೊತೆಗೆ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಉಳಿದದ್ದನ್ನು ನಿರ್ಧರಿಸುವುದು ಕಷ್ಟವಲ್ಲ.

ಮೊದಲಿಗೆ ಒಂದು ಗೆರೆ ಎಳೆಯುತ್ತೇನೆ. ಇಲ್ಲಿ ಹೇಳುತ್ತಿರುವುದು ವಯಸ್ಸಾದಂತೆ ಬರುವ ಮಂಡಿ ಸವೆತದ ಬಗ್ಗೆ ಮಾತ್ರ. ಓಡಾಡಿದಾಗ, ಮೆಟ್ಟಿಲು ಇಳಿಯುವಾಗ ನೋವು ಹೆಚ್ಚುತ್ತದೆ; ಬೆಳಿಗ್ಗೆ ಎದ್ದಾಗ ಕಾಲು ಹಿಡಿದುಕೊಂಡಂತಿದ್ದು ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಇದು ಸವೆತದ ರೀತಿ. ಹಾಗಲ್ಲದೆ ಮಂಡಿ ಕೆಂಪಾಗಿ ಬಿಸಿಯಾಗಿ ಊದಿಕೊಂಡಿದ್ದರೆ, ಜೊತೆಗೆ ಜ್ವರವಿದ್ದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಮೀನಖಂಡ ಊದಿದ್ದರೆ, ಅಥವಾ ಕೈಬೆರಳುಗಳ ಗಿಣ್ಣುಗಳೂ ಸೇರಿ ಹಲವು ಕೀಲುಗಳು ಬೆಳಿಗ್ಗೆ ಗಂಟೆಗಟ್ಟಲೆ ಬಿಗಿದಿದ್ದರೆ ಇಲ್ಲಿಯ ಹೋಲಿಕೆ ನಿಮಗಲ್ಲ. ಮೊದಲು ವೈದ್ಯರ ಬಳಿ ಹೋಗಿ. ಹೀಗೆ ಹಲವು ಕೀಲುಗಳನ್ನು ಹಿಡಿಯುವ ರುಮಟಾಯ್ಡ್ ಸಂಧಿವಾತವನ್ನು ಸವೆತ ಎಂದುಕೊಂಡು ಸೂಜಿಯಲ್ಲಿ ಆರು ತಿಂಗಳು ಕಳೆದರೆ ಕೀಲಿಗೆ ಆಗುವ ಹಾನಿಯನ್ನು ಮತ್ತೆ ಸರಿಪಡಿಸಲಾಗದು.

ಅಳತೆಗೋಲು ಯಾವುದು?

ಚಿಕಿತ್ಸೆಗಳ ಹೆಸರು ಎತ್ತುವ ಮೊದಲು ಅಳೆಯುವ ಕೋಲನ್ನು ಹಿಡಿದುಕೊಳ್ಳೋಣ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ನೋವು ಯಾವ ಕೆಲಸವನ್ನು ತಡೆಯುತ್ತಿದೆ ಎಂಬುದು. "ಮಂಡಿ ನೋವು" ಎಂದು ಎಲ್ಲರೂ ಒಂದೇ ಮಾತಿನಲ್ಲಿ ಹೇಳಿದರೂ ಒಬ್ಬರಿಗೆ ರಾತ್ರಿ ನಿದ್ದೆ ಬರುವುದಿಲ್ಲ, ಇನ್ನೊಬ್ಬರಿಗೆ ಬಸ್ಸಿನ ಮೆಟ್ಟಿಲು ಹತ್ತಲಾಗುವುದಿಲ್ಲ, ಮತ್ತೊಬ್ಬರಿಗೆ ನೆಲದ ಮೇಲೆ ಕುಳಿತು ಪೂಜೆ ಮಾಡಲಾಗುವುದಿಲ್ಲ ಎಂಬ ಕೊರಗು. ಮೂವರಿಗೂ ಬೇಕಾದದ್ದು ಬೇರೆ ಬೇರೆ. ನೆಲದ ಮೇಲೆ ಕೂರುವ ತೊಂದರೆಗೆ ಎತ್ತರದ ಮಣೆಯೊಂದು, ಶೌಚಾಲಯದಲ್ಲಿ ಕಮೋಡ್ ಮತ್ತು ಗೋಡೆಗೆ ಹಿಡಿಕೆ, ಇವು ಎಷ್ಟೋ ಚಿಕಿತ್ಸೆಗಿಂತ ಬೇಗ ಫಲ ಕೊಡುತ್ತವೆ.

ಎರಡನೆಯದು, ಏನೂ ಮಾಡದೆ ಬಿಟ್ಟಿದ್ದರೂ ಇಷ್ಟು ಕಡಿಮೆಯಾಗುತ್ತಿತ್ತೇ ಎಂಬ ಪ್ರಶ್ನೆ. ಸವೆತದ ನೋವು ಅಲೆಯ ಹಾಗೆ. ಕೆಲವು ವಾರ ಏರುತ್ತದೆ, ಮತ್ತೆ ತಾನಾಗಿ ಇಳಿಯುತ್ತದೆ. ನಾವು ಚಿಕಿತ್ಸೆಗೆ ಓಡುವುದು ಅಲೆ ತುದಿ ಮುಟ್ಟಿದಾಗ. ಇಳಿದಾಗ ಕೀರ್ತಿ ಅಂದು ಯಾರ ಬಳಿ ಇದ್ದೆವೋ ಅವರಿಗೆ ಹೋಗುತ್ತದೆ. ಆದ್ದರಿಂದ "ನಮ್ಮ ಚಿಕ್ಕಪ್ಪನಿಗೆ ಗುಣವಾಯಿತು" ಎಂಬ ಮಾತಿನ ಮೇಲೆ ಹಣ ಕಟ್ಟಬೇಡಿ. ನೂರಾರು ಜನರನ್ನು ಗುಂಪು ಮಾಡಿ ಹೋಲಿಸಿ ನೋಡಿದ ಅಧ್ಯಯನ ಏನನ್ನುತ್ತದೆ ಎಂದು ಕೇಳಿ.

ಜೊತೆಗಿರುವ ಕಾಯಿಲೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಮ್ಮ ಹಿರಿಯರಲ್ಲಿ ಮಂಡಿ ನೋವೊಂದೇ ಇರುವವರು ಕಡಿಮೆ. ರಕ್ತದೊತ್ತಡ, ಮಧುಮೇಹ, ಹೃದಯದ ಮಾತ್ರೆ, ದುರ್ಬಲ ಮೂತ್ರಪಿಂಡ ಯಾವುದಾದರೂ ಇದ್ದೇ ಇರುತ್ತದೆ. ಇನ್ನು ಖರ್ಚು. ಚೀಟಿಯ ಮೇಲಿರುವ ಶುಲ್ಕವನ್ನು ಮಾತ್ರ ನೋಡಿದರೆ ಮೋಸ ಹೋಗುತ್ತೇವೆ. ಆಟೋ ಬಾಡಿಗೆ, ಜೊತೆಗೆ ಹೋಗುವವರ ಅರ್ಧ ದಿನದ ರಜೆ, ಇವನ್ನೂ ಕೂಡಿಸಿ. ಕೊನೆಯದಾಗಿ, ಚಿಕಿತ್ಸೆ ನಿಲ್ಲಿಸಿದ ಮೇಲೆ ಕೈಯಲ್ಲಿ ಏನು ಉಳಿಯುತ್ತದೆ ಎಂದು ನೋಡಿ.

ಹೋಲಿಕೆಗೆ ಅಡಿಗಲ್ಲು: ವ್ಯಾಯಾಮ

ವ್ಯಾಯಾಮದಿಂದ ಶುರುಮಾಡಲು ಕಾರಣವಿದೆ. ಆಕ್ಯುಪಂಕ್ಚರಿನ ಬಗ್ಗೆ ಒಂದು ದೇಶದ ತಜ್ಞರು ಒಂದು ಹೇಳಿದರೆ ಇನ್ನೊಂದು ದೇಶದವರು ಇನ್ನೊಂದು ಹೇಳುತ್ತಾರೆ. ಆದರೆ ಮಂಡಿ ಸವೆತಕ್ಕೆ ವ್ಯಾಯಾಮ ಬೇಕು, ತೂಕ ಹೆಚ್ಚಿದ್ದರೆ ಇಳಿಸಬೇಕು ಎಂಬಲ್ಲಿ ಅವರೆಲ್ಲರೂ ಒಂದು. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದಷ್ಟೂ ಮಂಡಿಯ ಮೇಲೆ ಬೀಳುವ ಏಟು ತಗ್ಗುತ್ತದೆ. ತೂಕದ ಲೆಕ್ಕವನ್ನು ಅಮೆರಿಕದ ಸಂಶೋಧಕರು ನಡಿಗೆಯನ್ನು ಅಳೆದು 2005ರಲ್ಲಿ ತೋರಿಸಿದ್ದಾರೆ: ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋದಷ್ಟು ಇಳಿಯುತ್ತದೆ. ದಿನಕ್ಕೆ ಎರಡು ಮೂರು ಸಾವಿರ ಹೆಜ್ಜೆ ಹಾಕುವವರು ಗುಣಿಸಿ ನೋಡಿಕೊಳ್ಳಲಿ.

ಮಾಡಬೇಕಾದದ್ದು ಕಠಿಣವೇನಲ್ಲ. ಮಂಚದ ಮೇಲೆ ಕಾಲು ಚಾಚಿ ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಐದು ಎಣಿಸುವವರೆಗೆ ಒತ್ತುವುದು. ಒಂದು ಕಾಲು ಮಡಿಸಿ ಇನ್ನೊಂದನ್ನು ನೇರವಾಗಿ ಗೇಣೆತ್ತರ ಎತ್ತುವುದು. ಕುರ್ಚಿಯಿಂದ ಕೈಯೂರದೆ ಎದ್ದು ಮತ್ತೆ ನಿಧಾನವಾಗಿ ಕೂರುವುದು. ಮಾಡುವಾಗ ಅಲ್ಪಸ್ವಲ್ಪ ನೋವು ಬಂದರೆ ಹೆದರಬೇಕಿಲ್ಲ. ಮರುದಿನ ಬೆಳಿಗ್ಗೆಗೂ ಹೆಚ್ಚಾಗಿ ಉಳಿದಿದ್ದರೆ ಎಣಿಕೆ ಕಡಿಮೆ ಮಾಡಬೇಕು. ಫಿಸಿಯೋಥೆರಪಿಸ್ಟ್ ಹತ್ತಿರ ಮೂರು ನಾಲ್ಕು ಸಲ ಹೋಗಿ ಸರಿಯಾಗಿ ಕಲಿತುಕೊಂಡರೆ ಮುಂದಿನದು ಮನೆಯಲ್ಲೇ, ಬಿಟ್ಟಿ.

ಇದರ ಕೊರತೆಯನ್ನೂ ಮುಚ್ಚಿಡುವುದಿಲ್ಲ. ಫಲ ಕಾಣಲು ಆರರಿಂದ ಹನ್ನೆರಡು ವಾರ ಬೇಕು, ಬಿಟ್ಟರೆ ಬಿಟ್ಟುಹೋಗುತ್ತದೆ. ನೋವು ತುದಿಯಲ್ಲಿರುವಾಗ "ಕಾಲೆತ್ತಿ" ಎಂದರೆ ಹಿರಿಯರಿಗೆ ಸಿಟ್ಟು ಬರುವುದು ಸಹಜ. ನಮ್ಮ ಅತ್ತೆಯವರು ಮೊದಲ ವಾರದಲ್ಲೇ "ನೋವಿರುವ ಕಾಲಿಗೆ ಇನ್ನೂ ಕೆಲಸ ಕೊಡುತ್ತೀಯಲ್ಲ" ಎಂದು ಟವೆಲನ್ನು ಪಕ್ಕಕ್ಕೆ ಎಸೆದಿದ್ದರು. ಆಕ್ಯುಪಂಕ್ಚರ್ ನಿಜವಾಗಿ ಉಪಯೋಗಕ್ಕೆ ಬರುವ ಜಾಗ ಇದೇ ಎಂದು ನನಗೆ ಆಮೇಲೆ ಅರ್ಥವಾಯಿತು.

ಸೂಜಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಕೂದಲಿಗಿಂತ ತುಸು ದಪ್ಪನೆಯ ಎಂಟು ಹತ್ತು ಸೂಜಿಗಳನ್ನು ಮಂಡಿಯ ಸುತ್ತ ಮತ್ತು ಕೆಳಗಾಲಿನಲ್ಲಿ ಚುಚ್ಚಿ ಇಪ್ಪತ್ತರಿಂದ ಮೂವತ್ತು ನಿಮಿಷ ಬಿಡುತ್ತಾರೆ. ಮಂಡಿಚಿಪ್ಪಿನ ಕೆಳಗೆ ಎರಡೂ ಬದಿಯ ಗುಳಿಗಳು, ಅಲ್ಲಿಂದ ನಾಲ್ಕು ಬೆರಳು ಕೆಳಗೆ ಹೊರಮಗ್ಗುಲಿನಲ್ಲಿರುವ 'ಜೂಸಾನ್ಲಿ' ಎಂಬ ಬಿಂದು, ಇವು ಮಂಡಿ ನೋವಿಗೆ ಸಾಮಾನ್ಯವಾಗಿ ಆರಿಸುವ ಜಾಗಗಳು. ಚುಚ್ಚಿದಾಗ ಇಂಜೆಕ್ಷನ್ನಿನ ಉರಿ ಇರುವುದಿಲ್ಲ. ಒಳಗೆ ಭಾರವಾದಂತೆ, ಜುಮ್ಮೆಂದಂತೆ ಅನಿಸುತ್ತದೆ. ಕೆಲವೆಡೆ ಸೂಜಿಗೆ ತಂತಿ ಜೋಡಿಸಿ ಸಣ್ಣ ವಿದ್ಯುತ್ ಹರಿಸುತ್ತಾರೆ.

"ಚೀನಾದವರ ಔಷಧಿ ನಮಗೇಕೆ" ಎಂದು ಅತ್ತೆಯವರು ಕೇಳಿದ್ದರು. ನಮ್ಮ ಗಡಿಯಾಚೆಯ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ 1938ರಲ್ಲಿ ಚೀನಾಕ್ಕೆ ಹೋದ ವೈದ್ಯರ ತಂಡದಲ್ಲಿದ್ದರಲ್ಲ, ಅದೇ ತಂಡದ ಡಾ. ಬಿ. ಕೆ. ಬಸು ಮುಂದೆ 1950ರ ದಶಕದ ಕೊನೆಯಲ್ಲಿ ಈ ವಿದ್ಯೆಯನ್ನು ಅಲ್ಲಿ ಕಲಿತು ಕಲ್ಕತ್ತೆಗೆ ತಂದರು ಎಂದು ಹೇಳಿದೆ. ಕೋಟ್ನಿಸರ ಹೆಸರು ಕೇಳಿದ ಮೇಲೆ ಅವರ ಮನಸ್ಸು ಸ್ವಲ್ಪ ಸಡಿಲವಾಯಿತು.

ಇನ್ನು ಸಾಕ್ಷ್ಯ. ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಜರ್ಮನಿಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ. ಮಂಡಿ ಸವೆತದ ಸುಮಾರು ಸಾವಿರ ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಶಾಸ್ತ್ರೋಕ್ತ ಬಿಂದುಗಳಲ್ಲಿ ಸೂಜಿ. ಇನ್ನೊಂದಕ್ಕೆ ಬಿಂದುವಲ್ಲದ ಜಾಗದಲ್ಲಿ ಮೇಲುಮೇಲೆ ಚುಚ್ಚಿದ ಹುಸಿ ಸೂಜಿ. ಮೂರನೆಯದಕ್ಕೆ ವೈದ್ಯರ ಭೇಟಿ. ಮೂರೂ ಗುಂಪಿಗೆ ಫಿಸಿಯೋಥೆರಪಿ ಮತ್ತು ಬೇಕಾದಾಗ ನೋವಿನ ಮಾತ್ರೆ ಇದ್ದವು. ಆರು ತಿಂಗಳ ನಂತರ ಸಾಕಷ್ಟು ಸುಧಾರಿಸಿದವರು ಶಾಸ್ತ್ರೋಕ್ತ ಸೂಜಿಯಲ್ಲಿ ಶೇ. 53, ಹುಸಿ ಸೂಜಿಯಲ್ಲಿ ಶೇ. 51, ಸೂಜಿ ಇಲ್ಲದವರಲ್ಲಿ ಶೇ. 29.

ಈ ಮೂರು ಸಂಖ್ಯೆಗಳನ್ನು ನಿಧಾನವಾಗಿ ಓದಿ. ಸೂಜಿ ಚುಚ್ಚಿಸಿಕೊಂಡವರಿಗೆ ಚುಚ್ಚಿಸಿಕೊಳ್ಳದವರಿಗಿಂತ ಎಷ್ಟೋ ಹೆಚ್ಚು ಆರಾಮವಾಗಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಎಲ್ಲಿ ಚುಚ್ಚಿದರು ಎಂಬುದರಿಂದ ಹೆಚ್ಚು ವ್ಯತ್ಯಾಸವಾಗಿಲ್ಲ. ಅರ್ಧ ಗಂಟೆ ಮಲಗಿದ್ದು, ಯಾರೋ ಒಬ್ಬರು ಮಂಡಿಯನ್ನು ಮುಟ್ಟಿ ಕಷ್ಟ ಕೇಳಿದ್ದು, ಚರ್ಮದ ಮೇಲಿನ ಚುಚ್ಚುವಿಕೆಯೇ ನೋವಿನ ನರಗಳನ್ನು ತಣಿಸಿದ್ದು, ಗುಣವಾಗುತ್ತದೆಂಬ ನಂಬಿಕೆ, ಎಲ್ಲವೂ ಸೇರಿ ಕೆಲಸ ಮಾಡಿರಬೇಕು. ನೋವು ಇಳಿದದ್ದು ನಿಜವಾದ ಇಳಿಕೆಯೇ. ಈ ಸಾಕ್ಷ್ಯದ ಮೇಲೆ ಜರ್ಮನಿಯ ಆರೋಗ್ಯ ವಿಮೆ 2007ರಿಂದ ಮಂಡಿ ಸವೆತದ ದೀರ್ಘಕಾಲದ ನೋವಿಗೆ ಆಕ್ಯುಪಂಕ್ಚರ್ ಖರ್ಚು ಕೊಡಲು ಒಪ್ಪಿತು.

ಬೇರೆ ಅಧ್ಯಯನಗಳು ಎರಡೂ ಕಡೆಗೆ ವಾಲುತ್ತವೆ. ಅಮೆರಿಕದಲ್ಲಿ 570 ಜನರ ಮೇಲೆ ನಡೆದು 2004ರಲ್ಲಿ ಬಂದದ್ದು ನಿಜ ಸೂಜಿ ಹುಸಿ ಸೂಜಿಗಿಂತ ಮೇಲು ಎಂದಿತು; ಅಲ್ಲಿ ಆರು ತಿಂಗಳಲ್ಲಿ 23 ಸಿಟ್ಟಿಂಗ್ ಕೊಟ್ಟಿದ್ದರು. ಚೀನಾದಲ್ಲಿ 480 ಜನರ ಮೇಲೆ ನಡೆದು 2021ರಲ್ಲಿ ಬಂದದ್ದರಲ್ಲಿ ವಾರಕ್ಕೆ ಮೂರರಂತೆ ಎಂಟು ವಾರ ಕೊಟ್ಟಾಗ ವಿದ್ಯುತ್ ಹರಿಸಿದ ಸೂಜಿ ಹುಸಿಯದಕ್ಕಿಂತ ಮುಂದಿತ್ತು. ಆಸ್ಟ್ರೇಲಿಯಾದ 2014ರ ಅಧ್ಯಯನದಲ್ಲಿ 282 ಜನರಿಗೆ 12 ವಾರ ಸೂಜಿ ಅಥವಾ ಲೇಸರ್ ಕೊಟ್ಟರೂ ಹುಸಿಗಿಂತ ಹೆಚ್ಚಿನ ಫಲ ಸಿಗಲಿಲ್ಲ. ಬ್ರಿಟನ್ನಿನಲ್ಲಿ 50 ದಾಟಿದ 352 ಜನರಿಗೆ ಫಿಸಿಯೋಥೆರಪಿಯ ಸಲಹೆ, ವ್ಯಾಯಾಮಗಳ ಜೊತೆ ಸೂಜಿಯನ್ನೂ ಸೇರಿಸಿ ನೋಡಿದರು. ಆರು ತಿಂಗಳ ಹೊತ್ತಿಗೆ ನೋವಿನಲ್ಲಿ ಅದರಿಂದ ಹೆಚ್ಚುವರಿ ಲಾಭ ಕಾಣಲಿಲ್ಲ. ಇದು 2007ರದ್ದು.

ಹೀಗಾಗಿಯೇ ತಜ್ಞರ ಮಾತೂ ಎರಡಾಗಿದೆ. ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿ 2022ರಲ್ಲಿ ಸವೆತಕ್ಕೆ ಆಕ್ಯುಪಂಕ್ಚರ್ ಕೊಡಬೇಡಿ ಎಂದಿತು. ಅಮೆರಿಕದ ಸಂಧಿವಾತ ತಜ್ಞರ ಸಂಘ 2019ರಲ್ಲಿ ಮಂಡಿ ಸವೆತಕ್ಕೆ ಷರತ್ತಿನೊಡನೆ ಶಿಫಾರಸು ಮಾಡಿತ್ತು. ಒಬ್ಬರು ಹುಸಿ ಸೂಜಿಗಿಂತ ಎಷ್ಟು ಮೇಲು, ಸರ್ಕಾರದ ಹಣಕ್ಕೆ ಯೋಗ್ಯವೇ ಎಂದು ನೋಡಿದರೆ, ಇನ್ನೊಬ್ಬರು ಅಪಾಯ ಕಡಿಮೆ, ಕೆಲವರಿಗೆ ಆರಾಮವಾಗುತ್ತದೆ ಎಂಬ ಕಡೆಗೆ ತೂಕ ಹಾಕಿದರು. ಮನೆಯ ಹಿರಿಯರಿಗಾಗಿ ನಿರ್ಧರಿಸುವಾಗ ನನಗೆ ಎರಡನೆಯವರ ನೋಟವೇ ಹತ್ತಿರ ಅನಿಸುತ್ತದೆ. ಆದರೆ ಮೊದಲನೆಯವರ ಎಚ್ಚರವನ್ನು ಜೇಬಿನಲ್ಲಿಟ್ಟುಕೊಂಡೇ ಹೋಗುತ್ತೇನೆ.

ಇದರಿಂದ ನಮ್ಮ ಕೈಚೀಲಕ್ಕೆ ಉಪಯೋಗವಾಗುವ ಒಂದು ಮಾತು ಹೊರಡುತ್ತದೆ. ಬಿಂದುವಿನ ಕರಾರುವಾಕ್ಕು ಅಷ್ಟು ಮುಖ್ಯವಲ್ಲವೆಂದ ಮೇಲೆ, ಹೆಸರುವಾಸಿ ಸೂಜಿ ವೈದ್ಯರನ್ನು ಹುಡುಕಿಕೊಂಡು ನೋವಿನ ಕಾಲಿನಲ್ಲಿ ನೂರು ಕಿಲೋಮೀಟರ್ ಬಸ್ಸಿನಲ್ಲಿ ಕೂರಿಸುವುದು ಬೇಡ. ಹತ್ತಿರದಲ್ಲಿ ಕಲಿತ ಕೈ, ಶುಚಿಯಾದ ಜಾಗ, ಹಿರಿಯರ ಮಾತು ಕೇಳುವ ತಾಳ್ಮೆ ಇದ್ದರೆ ಸಾಕು.

ಸೂಜಿ ಮಾಡದಿರುವುದನ್ನೂ ಹೇಳಿಬಿಡುತ್ತೇನೆ. ಕೀಲಿನ ಮೂಳೆಗಳ ನಡುವೆ ಮೆತ್ತೆಯಂತಿದ್ದು ಸವೆದ ಮೃದ್ವಸ್ಥಿಯನ್ನು ಅದು ಮತ್ತೆ ಬೆಳೆಸುವುದಿಲ್ಲ, ಬಾಗಿದ ಕಾಲನ್ನು ನೆಟ್ಟಗೆ ಮಾಡುವುದಿಲ್ಲ, ಎಕ್ಸ್‌ರೇಯಲ್ಲಿ ಯಾವ ಬದಲಾವಣೆಯನ್ನೂ ತರುವುದಿಲ್ಲ. ಹಾಗೆಂದು ಮಾತು ಕೊಡುವವರಿದ್ದರೆ ಕುರ್ಚಿಯಿಂದ ಏಳಿ. ನಾವು ಮೊದಲು ಹೋದ ಒಂದು ಕಡೆ ಇಪ್ಪತ್ತು ಸಿಟ್ಟಿಂಗಿನ ಹಣ ಒಟ್ಟಿಗೆ ಕಟ್ಟಿ, ರಕ್ತದೊತ್ತಡದ ಮಾತ್ರೆ ನಿಲ್ಲಿಸಿ ಎಂದರು. ಅಂದೇ ವಾಪಸ್ಸು ಬಂದೆವು. ಎರಡನೆಯ ಮಾತು ಬರೀ ಲೋಭದ್ದಲ್ಲ, ಪ್ರಾಣಾಪಾಯದ್ದು.

ಅಪಾಯಗಳು ಕಡಿಮೆ, ಇಲ್ಲವೆಂದಲ್ಲ. ಚುಚ್ಚಿದಲ್ಲಿ ಒಂದೆರಡು ಹನಿ ರಕ್ತ, ಚರ್ಮ ನೀಲಿಗಟ್ಟುವುದು, ತಲೆ ಸುತ್ತುವುದು ಸಾಮಾನ್ಯ. ರಕ್ತ ತೆಳುಗೊಳಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ತಿಳಿಸಬೇಕು. ಪೇಸ್‌ಮೇಕರ್ ಇರುವವರಿಗೆ ವಿದ್ಯುತ್ ಹರಿಸುವ ಸೂಜಿ ಬೇಡ. ಮಧುಮೇಹದಿಂದ ಕಾಲಿನ ಸ್ಪರ್ಶ ಕಡಿಮೆಯಾದವರಿಗೆ ಸೂಜಿಯ ಜೊತೆ ಗಿಡಮೂಲಿಕೆ ಸುಟ್ಟು ಶಾಖ ಕೊಡಲು ಬಿಡಬೇಡಿ. ಸುಟ್ಟದ್ದು ಅವರಿಗೆ ತಿಳಿಯುವುದಿಲ್ಲ, ಗಾಯ ಬೇಗ ಮಾಯುವುದೂ ಇಲ್ಲ. ಒಮ್ಮೆ ಬಳಸಿ ಬಿಸಾಡುವ ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು. ಹಳೆಯ ಸೂಜಿಯಿಂದ ಹೆಪಟೈಟಿಸ್ ಬಿ ಹರಡಬಹುದು, ಇದರಲ್ಲಿ ದಾಕ್ಷಿಣ್ಯ ಮಾಡಬಾರದು.

ಖರ್ಚನ್ನು ಹೀಗೆ ಲೆಕ್ಕ ಹಾಕಿ. ಒಂದು ಸಿಟ್ಟಿಂಗಿಗೆ 500 ರೂಪಾಯಿ, ಹೋಗಿಬರುವ ಆಟೋಗೆ 200 ಎಂದಿಟ್ಟುಕೊಂಡರೆ 12 ಸಿಟ್ಟಿಂಗಿಗೆ 8,400 ರೂಪಾಯಿ. ಜೊತೆಗೆ ಹೋಗುವವರ 12 ಅರ್ಧ ದಿನಗಳು ಬೇರೆ. ನಿಮ್ಮ ಊರಿನ ದರ ಹಾಕಿ ಇದೇ ಲೆಕ್ಕ ಮಾಡಿಕೊಳ್ಳಿ. ಫಲ ಎಷ್ಟು ದಿನ? ಜರ್ಮನಿಯಲ್ಲೇ 2005ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಎಂಟನೆಯ ವಾರದಲ್ಲಿ ಸ್ಪಷ್ಟವಾಗಿ ಕಂಡ ವ್ಯತ್ಯಾಸ ವರ್ಷ ತುಂಬುವ ಹೊತ್ತಿಗೆ ಉಳಿದಿರಲಿಲ್ಲ. ಅಂದರೆ ಸೂಜಿ ಕೊಡುವುದು ಕೆಲವು ತಿಂಗಳ ಬಿಡುವು. ಆ ಬಿಡುವಿನಲ್ಲಿ ಮಂಡಿಯ ಸ್ನಾಯು ಗಟ್ಟಿ ಮಾಡಿಕೊಂಡರೆ ಹಣ ಸಾರ್ಥಕ. ನೋವು ಕಡಿಮೆಯಾಯಿತೆಂದು ಮಂಚ ಹಿಡಿದರೆ ಬಿಡುವು ಮುಗಿದ ದಿನ ಮತ್ತೆ ಹಳೆಯ ಮಂಡಿಯೇ.

ಮಾತ್ರೆ, ಮುಲಾಮು, ಇಂಜೆಕ್ಷನ್, ಎಣ್ಣೆ

ಡೈಕ್ಲೋಫೆನಾಕ್ ಮುಲಾಮನ್ನು ನಮ್ಮ ಜನ ಏಕೋ ಕಡೆಗಣಿಸುತ್ತಾರೆ, ಹಚ್ಚುವ ಔಷಧಿ ಎಂದರೆ ಅರ್ಧ ನಂಬಿಕೆ. ಮಂಡಿ ಚರ್ಮಕ್ಕೆ ಹತ್ತಿರವಿರುವ ಕೀಲಾದ್ದರಿಂದ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ಕಡಿಮೆ. ಮಾತ್ರೆಗೆ ಮುನ್ನ ಇದನ್ನು ಪ್ರಯತ್ನಿಸಿ. ಅದೇ ಜಾತಿಯ ನುಂಗುವ ಮಾತ್ರೆಗಳು ಬೇಗ ಆರಾಮ ಕೊಡುತ್ತವೆ, ಅಗ್ಗ ಕೂಡ. ಆದರೆ ಹೊಟ್ಟೆಯ ಹುಣ್ಣು, ಏರುವ ರಕ್ತದೊತ್ತಡ, ಮೂತ್ರಪಿಂಡದ ಹಾನಿ, ಹೃದಯದ ತೊಂದರೆ ಇವೆಲ್ಲ ಅದರ ಬೆನ್ನಿಗಿವೆ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ತಂದು ತಿಂಗಳುಗಟ್ಟಲೆ ನುಂಗುವ ಹಿರಿಯರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಅಂಥವರಿಗೆ, ಮಾತ್ರೆಯ ಎಣಿಕೆ ತಗ್ಗಿಸುವುದಕ್ಕಾಗಿಯಾದರೂ ಆಕ್ಯುಪಂಕ್ಚರ್ ಮಾಡಿಸಿ ನೋಡಿ ಎಂದು ನಾನೇ ಹೇಳುತ್ತೇನೆ.

ಸ್ಟೀರಾಯ್ಡ್ ಇಂಜೆಕ್ಷನ್ ನೋವಿನ ಅಲೆ ತುದಿಯಲ್ಲಿದ್ದಾಗ ಕೆಲವು ವಾರ ಚೆನ್ನಾಗಿ ಕೆಲಸ ಮಾಡುತ್ತದೆ. ಮನೆಯಲ್ಲಿ ಮದುವೆಯಿದೆ, ಯಾತ್ರೆಯಿದೆ ಎಂಬಂಥ ಸಂದರ್ಭಕ್ಕೆ ಸರಿ. ಆದರೆ ಮೂರು ತಿಂಗಳಿಗೊಂದರಂತೆ ಎರಡು ವರ್ಷ ಕೊಟ್ಟು ನೋಡಿದ 2017ರ ಅಧ್ಯಯನದಲ್ಲಿ ಔಷಧಿಯಿಲ್ಲದ ಬರೀ ಉಪ್ಪುನೀರು ಚುಚ್ಚಿಸಿಕೊಂಡವರಿಗಿಂತ ಮೃದ್ವಸ್ಥಿ ಹೆಚ್ಚು ಸವೆದಿತ್ತು, ನೋವಿನಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ. ಇದೇ ಇಂಜೆಕ್ಷನ್ನನ್ನು ಫಿಸಿಯೋಥೆರಪಿಯೊಡನೆ ಹೋಲಿಸಿದ 2020ರ ಅಧ್ಯಯನದಲ್ಲಿ ಒಂದು ವರ್ಷದ ನಂತರ ಮುಂದಿದ್ದದ್ದು ಫಿಸಿಯೋಥೆರಪಿ. ಮಧುಮೇಹವಿದ್ದವರಿಗೆ ಇಂಜೆಕ್ಷನ್ನಿನ ನಂತರ ಕೆಲವು ದಿನ ಸಕ್ಕರೆ ಏರುತ್ತದೆ, ನೆನಪಿರಲಿ.

ನಮ್ಮದೇ ರಕ್ತ ತೆಗೆದು ಪ್ಲೇಟ್‌ಲೆಟ್ ಬೇರ್ಪಡಿಸಿ ಮಂಡಿಗೆ ಚುಚ್ಚುವ ಪಿಆರ್‌ಪಿ ಈಗ ಪಟ್ಟಣಗಳಲ್ಲೆಲ್ಲ ಜೋರಾಗಿದೆ. ಖರ್ಚು ಸಾವಿರಗಳ ಲೆಕ್ಕದಲ್ಲಿದೆ. ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ವರ್ಷದ ನಂತರ ಉಪ್ಪುನೀರಿಗಿಂತ ಅದು ಮೇಲೆನಿಸಲಿಲ್ಲ. ಕೈಯಲ್ಲಿ ಹಣ ಕಡಿಮೆಯಿದ್ದು ಇದಕ್ಕೂ ಆಕ್ಯುಪಂಕ್ಚರಿಗೂ ನಡುವೆ ತೂಗುತ್ತಿದ್ದರೆ ಆಕ್ಯುಪಂಕ್ಚರೇ ಇರಲಿ ಎನ್ನುತ್ತೇನೆ.

ಆಯುರ್ವೇದದ ಜಾನುಬಸ್ತಿಯಲ್ಲಿ ಉದ್ದಿನ ಹಿಟ್ಟಿನಿಂದ ಮಂಡಿಯ ಸುತ್ತ ಕಟ್ಟೆ ಕಟ್ಟಿ ಬೆಚ್ಚಗಿನ ತೈಲ ನಿಲ್ಲಿಸುತ್ತಾರೆ. ಹಿರಿಯರಿಗೆ ಇದು ಪರಿಚಿತ, ಹಿತ, ಮನಸ್ಸಿಗೂ ಒಗ್ಗುತ್ತದೆ. ಶಾಖದಿಂದ ಬಿಗಿತ ಸಡಿಲವಾಗುತ್ತದೆ. ಆದರೆ ಸೂಜಿಯ ಮೇಲೆ ನಡೆದಷ್ಟು ದೊಡ್ಡ ಹೋಲಿಕೆಗಳು ಇದರ ಮೇಲೆ ನಡೆದಿಲ್ಲ. ಸೂಜಿ ಕಂಡರೆ ಹೆದರುವವರಿಗೆ, ವ್ಯಾಯಾಮಕ್ಕೆ ಮುನ್ನ ಮಂಡಿ ಸಡಿಲಿಸಿಕೊಳ್ಳಲು ಇದು ಒಳ್ಳೆಯ ದಾರಿ. ಬಿಸಿನೀರಿನ ಚೀಲವೂ ಆ ಕೆಲಸವನ್ನು ಸಾಕಷ್ಟು ಮಾಡುತ್ತದೆ.

ಆಪರೇಷನ್ನನ್ನು ಎಲ್ಲಿಡಬೇಕು?

ಮಂಡಿ ಬದಲಾವಣೆಯನ್ನು ಸೂಜಿಯ ಎದುರಾಳಿ ಎಂದು ನೋಡುವುದೇ ತಪ್ಪು. ಕಾಲು ಬಿಲ್ಲಿನಂತೆ ಬಾಗಿದೆ, ರಾತ್ರಿ ನೋವಿನಿಂದ ಎಚ್ಚರವಾಗುತ್ತದೆ, ಮನೆಯೊಳಗಿನ ಓಡಾಟಕ್ಕೂ ಗೋಡೆ ಹಿಡಿಯಬೇಕು, ವ್ಯಾಯಾಮ ಮತ್ತು ಮಾತ್ರೆಗಳನ್ನು ಪ್ರಾಮಾಣಿಕವಾಗಿ ಆರು ತಿಂಗಳು ನೋಡಿಯಾಗಿದೆ ಎಂದರೆ ಉತ್ತರ ಆಪರೇಷನ್ನೇ. ಅಂಥವರನ್ನು ವರ್ಷಗಟ್ಟಲೆ ಸೂಜಿಯಲ್ಲಿ ತಡೆದಿಟ್ಟರೆ ಸ್ನಾಯು ಸೊರಗುತ್ತದೆ, ವಯಸ್ಸು ಏರುತ್ತದೆ, ಆಪರೇಷನ್ನಿನ ಫಲವೂ ತಗ್ಗುತ್ತದೆ. ಕೃತಕ ಮಂಡಿಯ ಬೆಲೆಗೆ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಮಿತಿ ಹಾಕಿತು. ಸಾಮಾನ್ಯವಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಅಂದು ನಿಗದಿಯಾದದ್ದು ತೆರಿಗೆ ಬಿಟ್ಟು 54,720 ರೂಪಾಯಿ. ಆಸ್ಪತ್ರೆಯ ಶುಲ್ಕ ಇದರ ಮೇಲೆ. ಬಿಲ್ಲಿನಲ್ಲಿ ಕೃತಕ ಮಂಡಿಯ ಬೆಲೆಯನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು?

ಅರವತ್ತರ ಆಸುಪಾಸಿನಲ್ಲಿದ್ದು ಇನ್ನೂ ಓಡಾಡಿಕೊಂಡಿರುವವರು, ಮೆಟ್ಟಿಲಿನಲ್ಲಿ ಮಾತ್ರ ನೋವು ಎನ್ನುವವರು ಮೂರು ತಿಂಗಳು ವ್ಯಾಯಾಮ, ಮುಲಾಮು, ತೂಕ ಇಳಿಕೆ ಇಷ್ಟನ್ನೇ ಮಾಡಲಿ. ಸೂಜಿಗೆ ಹಣ ಹಾಕುವ ಅಗತ್ಯ ನನಗೆ ಕಾಣುವುದಿಲ್ಲ.

ಎಪ್ಪತ್ತು ದಾಟಿ ಮೂತ್ರಪಿಂಡ ದುರ್ಬಲವಾಗಿ, ಹೃದಯದ ಮಾತ್ರೆಗಳಿದ್ದು, ನೋವಿನ ಮಾತ್ರೆ ನುಂಗಬಾರದೆಂದು ವೈದ್ಯರು ಹೇಳಿರುವವರಿಗೆ ಆಕ್ಯುಪಂಕ್ಚರ್ ಒಳ್ಳೆಯ ಆಯ್ಕೆ. ವ್ಯಾಯಾಮ ಶುರುಮಾಡಲು ನೋವೇ ಅಡ್ಡಿಯಾದವರಿಗೂ ಹಾಗೆಯೇ. ನಮ್ಮ ಅತ್ತೆಯವರು ಈ ಎರಡನೆಯ ಗುಂಪು. ಐದನೆಯ ಸಿಟ್ಟಿಂಗಿನ ಹೊತ್ತಿಗೆ ಅವರು ಟವೆಲನ್ನು ತಾವೇ ಕೇಳಿ ಪಡೆದರು. ಹತ್ತಕ್ಕೆ ಸೂಜಿ ನಿಲ್ಲಿಸಿದೆವು, ಟವೆಲು ಇನ್ನೂ ಮಂಚದ ಮೇಲಿದೆ.

ಹಳ್ಳಿಯಲ್ಲಿದ್ದು ಪ್ರತಿ ಸಿಟ್ಟಿಂಗಿಗೂ ತಾಲ್ಲೂಕು ಕೇಂದ್ರಕ್ಕೆ ಎರಡು ಬಸ್ಸು ಬದಲಾಯಿಸಬೇಕಾದವರಿಗೆ ನಾನು ಸೂಜಿ ಹೇಳುವುದಿಲ್ಲ. ಹೋಗಿಬರುವ ನೋವು ಸೂಜಿ ಕೊಟ್ಟ ಆರಾಮವನ್ನು ದಾರಿಯಲ್ಲೇ ತಿಂದುಹಾಕುತ್ತದೆ. ಆ ಹಣಕ್ಕೆ ಒಂದು ಊರುಗೋಲು, ಕಮೋಡ್ ಕುರ್ಚಿ, ಮೆತ್ತನೆಯ ಅಟ್ಟೆಯ ಚಪ್ಪಲಿ ಬರುತ್ತವೆ. ಊರುಗೋಲನ್ನು ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಬೇಕು. ಎಷ್ಟೋ ಜನ ತಿರುಗುಮುರುಗಾಗಿ ಹಿಡಿಯುತ್ತಾರೆ.

ಸೂಜಿಯೇ ಎಂದು ನಿರ್ಧರಿಸಿದವರಿಗೆ

ಕೇಂದ್ರ ಆರೋಗ್ಯ ಸಚಿವಾಲಯ 2019ರ ಫೆಬ್ರವರಿಯಲ್ಲಿ ಆಕ್ಯುಪಂಕ್ಚರನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯಾಗಿ ಗುರುತಿಸಿತು. ಆದರೂ ಕೆಲವು ದಿನದ ಶಿಬಿರ ಮುಗಿಸಿ ಬೋರ್ಡು ಹಾಕಿಕೊಂಡವರು ಇದ್ದಾರೆ, ನೋಡಿಕೊಂಡು ಹೋಗಬೇಕು. ಕರ್ನಾಟಕದಲ್ಲಿ ಸುಲಭದ ದಾರಿಯೆಂದರೆ ಬಿಎನ್‌ವೈಎಸ್ ಪದವೀಧರರು. ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಈ ಐದೂವರೆ ವರ್ಷದ ಓದಿನಲ್ಲಿ ಆಕ್ಯುಪಂಕ್ಚರ್ ಪಾಠವಾಗಿಯೇ ಇದೆ. ಉಜಿರೆಯಲ್ಲಿ 1989ರಲ್ಲಿ ಶುರುವಾದ ಕಾಲೇಜು, ಮೈಸೂರಿನ ಸರ್ಕಾರಿ ಕಾಲೇಜು ಇಂಥವರನ್ನು ತಯಾರು ಮಾಡುತ್ತಿವೆ. ಹಾಗಾಗಿ ಜಿಲ್ಲಾ ಕೇಂದ್ರಗಳಲ್ಲಿ ಇವರು ಸಿಗುತ್ತಾರೆ. ಗೋಡೆಯ ಮೇಲೆ ನೋಂದಣಿ ಪತ್ರ ಇದೆಯೇ ನೋಡಿ, ಇಲ್ಲದಿದ್ದರೆ ಸಂಕೋಚವಿಲ್ಲದೆ ಕೇಳಿ.

ಪ್ಯಾಕೇಜಿಗೆ ಹಣ ಕಟ್ಟಬೇಡಿ, ಒಂದೊಂದಕ್ಕೇ ಕೊಡಿ. ಶುರುಮಾಡುವ ಒಂದು ವಾರ ಮೊದಲು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ರಾತ್ರಿ ಅಂದಿನ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿಯನ್ನು ಹಿರಿಯರ ಕೈಯಲ್ಲೇ ಬರೆಸಿ. ಪಕ್ಕದಲ್ಲಿ ನುಂಗಿದ ಮಾತ್ರೆಯ ಲೆಕ್ಕ, ಕುರ್ಚಿಯಿಂದ ಅರ್ಧ ನಿಮಿಷದಲ್ಲಿ ಎಷ್ಟು ಸಲ ಎದ್ದು ಕೂತರು ಎಂಬ ಲೆಕ್ಕ. ವಾರಕ್ಕೆ ಎರಡರಂತೆ ಆರು ಸಿಟ್ಟಿಂಗ್ ಮುಗಿದ ಮೇಲೆ ಕ್ಯಾಲೆಂಡರನ್ನು ಒಟ್ಟಿಗೆ ಕೂತು ಓದಿ. ನೋವಿನ ಅಂಕಿ ಎರಡಾದರೂ ಇಳಿದಿದ್ದರೆ, ಅಥವಾ ಎದ್ದು ಕೂರುವುದು ಹೆಚ್ಚಿದ್ದರೆ ಹತ್ತು ಹನ್ನೆರಡರವರೆಗೆ ಮುಂದುವರಿಸಿ. ಏನೂ ಬದಲಾಗದಿದ್ದರೆ ಅಲ್ಲಿಗೇ ನಿಲ್ಲಿಸಿ, ಉಳಿದ ಹಣವನ್ನು ಫಿಸಿಯೋಥೆರಪಿಗೆ ಇಡಿ. "ಇನ್ನೊಂದು ಹತ್ತು ಮಾಡಿಸಿದರೆ ಹಿಡಿಯುತ್ತದೆ" ಎಂಬ ಮಾತಿಗೆ ಕಿವಿಗೊಡಬೇಡಿ.

ಮೊದಲ ದಿನ ಹಸಿದ ಹೊಟ್ಟೆಯಲ್ಲಿ ಕರೆದೊಯ್ಯಬೇಡಿ, ಒಂದೆರಡು ಇಡ್ಲಿಯಾದರೂ ತಿಂದಿರಲಿ. ಸೀರೆಯನ್ನು ಮಂಡಿಯ ಮೇಲಕ್ಕೆ ಸರಿಸಿಕೊಳ್ಳಲು ಮುಜುಗರ ಪಡುವವರಿದ್ದರೆ ಸಡಿಲವಾದ ನೈಟಿ ಜೊತೆಗಿರಲಿ, ಪರದೆಯಿದೆಯೇ ಎಂದು ಫೋನಿನಲ್ಲೇ ಕೇಳಿ. ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಮಲಗಿಸಿಯೇ ಚುಚ್ಚಲಿ. ಮುಗಿದ ಮೇಲೆ ಹತ್ತು ನಿಮಿಷ ಕೂರಿಸಿ, ನೀರು ಕುಡಿಸಿ, ಆಮೇಲೆ ಆಟೋ ಕರೆಯಿರಿ.